ಬ್ಯಾಂಡ್ ಸಾ ಬ್ಲೇಡ್: ಹಲ್ಲು ಎಣಿಸಲು ಕಲಿತ ಮೇಲೆ

ಶಿವಮೊಗ್ಗದಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪ್. ಗೇಟು, ಗ್ರಿಲ್ಲು, ಅಡಿಕೆ ಸುಲಿಯುವ ಮಷೀನಿನ ರಿಪೇರಿ, ಇಂಥ ಕೆಲಸ. ಕಬ್ಬಿಣ ಕತ್ತರಿಸಲು ನಾಲ್ಕೂವರೆ ಇಂಚಿನ ಬ್ಯಾಂಡ್ ಸಾ (ಎರಡು ಚಕ್ರದ ಮೇಲೆ ಸುತ್ತುವ ಪಟ್ಟಿ ಬ್ಲೇಡಿನ ಗರಗಸ) ತಂದಾಗ ಅದರ ಜೊತೆ ಒಂದು ಬ್ಲೇಡ್ ಬಂದಿತ್ತು. 1640 ಮಿ.ಮೀ. ಉದ್ದ, 13 ಮಿ.ಮೀ. ಅಗಲ, 0.65 ಮಿ.ಮೀ. ದಪ್ಪ. ಇಂಚಿಗೆ 24 ಹಲ್ಲು. ಮಷೀನಿನ ಜೊತೆ ಬಂದಿದೆ ಅಂದ ಮೇಲೆ ಎಲ್ಲ ಕೆಲಸಕ್ಕೂ ಇದೇ ಅಂದುಕೊಂಡೆ.

ಮೊದಲ ವಾರವೇ 50 ಮಿ.ಮೀ. ಶಾಫ್ಟ್ ಒಂದನ್ನು ಅದರಲ್ಲಿ ಕತ್ತರಿಸಲು ಕೂತೆ. ಬ್ಲೇಡ್ ಓಡುತ್ತಿತ್ತು, ಆದರೆ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಮೇಲಿಂದ ಕೈ ಕೊಟ್ಟು ಒತ್ತಿದೆ. ಕತ್ತರಿಸಿ ಮುಗಿದಾಗ ನೋಡಿದರೆ ತುದಿ ಓರೆಯಾಗಿತ್ತು. ಆ ತುಂಡನ್ನು ಲೇತಿಗೆ ಹಾಕಿ ಮತ್ತೆ ಫೇಸಿಂಗ್ ಮಾಡಬೇಕಾಯಿತು, ಅಂದರೆ ತುದಿಯನ್ನು ಸಮ ಮಾಡಬೇಕಾಯಿತು.

ಕಾರಣ ಸರಳ. 50 ಮಿ.ಮೀ. ಅಂದರೆ ಹತ್ತಿರ ಹತ್ತಿರ ಎರಡು ಇಂಚು. ಒಂದೇ ಸಲ 47 ಹಲ್ಲು ಲೋಹದ ಒಳಗಿರುತ್ತವೆ. ಮಷೀನಿನ ಭಾರ ಅಷ್ಟೂ ಹಲ್ಲುಗಳಿಗೆ ಹಂಚಿಹೋಗುತ್ತದೆ, ಯಾವ ಹಲ್ಲೂ ಸರಿಯಾಗಿ ಕಚ್ಚುವುದಿಲ್ಲ. ಸಣ್ಣ ಹಲ್ಲುಗಳ ನಡುವಿನ ಸಂದು ಚೂರಿನಿಂದ ಬೇಗ ತುಂಬಿಬಿಡುತ್ತದೆ. ಆಮೇಲೆ ಅದು ಕತ್ತರಿಸುವುದಿಲ್ಲ, ಸುಮ್ನೆ ಉಜ್ಜುತ್ತದೆ.

ಸರಿ, ದೊಡ್ಡ ಹಲ್ಲೇ ಬೇಕು ಅಂತ ಇಂಚಿಗೆ 6 ಹಲ್ಲಿನದು ತಂದೆ. ಶಾಫ್ಟ್ ಚೆನ್ನಾಗಿಯೇ ಕತ್ತರಿಸಿತು. ಮರುದಿನ ಅದೇ ಬ್ಲೇಡಿನಲ್ಲಿ 2 ಮಿ.ಮೀ. ದಪ್ಪದ ಸ್ಕ್ವೇರ್ ಪೈಪ್ ಇಟ್ಟೆ. ಟಕಟಕ ಅಂತ ಸದ್ದು ಬಂತು, ಆಫ್ ಮಾಡುವಷ್ಟರಲ್ಲಿ ಒಂದು ಸಾಲು ಹಲ್ಲು ಉದುರಿಹೋಗಿತ್ತು. ಇಂಚಿಗೆ 6 ಅಂದರೆ ಹಲ್ಲಿನಿಂದ ಹಲ್ಲಿಗೆ 4 ಮಿ.ಮೀ.ಗಿಂತ ಜಾಸ್ತಿ ಅಂತರ. 2 ಮಿ.ಮೀ. ಗೋಡೆ ಎರಡು ಹಲ್ಲಿನ ನಡುವೆ ಪೂರ್ತಿ ಕೂತುಬಿಡುತ್ತದೆ. ಹಿಂದಿನ ಹಲ್ಲು ಬಂದು ಅದಕ್ಕೆ ಗುದ್ದುತ್ತದೆ. ಒಂದು ಮುರಿದರೆ ಅದರ ಹಿಂದಿನದಕ್ಕೆ ಎರಡು ಪಟ್ಟು ಕೆಲಸ. ಅದೂ ಮುರಿಯುತ್ತದೆ.

ಅಂದಿನಿಂದ ಬ್ಲೇಡ್ ಹಾಕುವ ಮೊದಲು ವರ್ನಿಯರ್ ಕೈಗೆತ್ತಿಕೊಳ್ಳುತ್ತೇನೆ. ಪೈಪ್ ಎಷ್ಟು ದೊಡ್ಡದು ಅನ್ನುವುದು ಮುಖ್ಯ ಅಲ್ಲ, ಬ್ಲೇಡ್ ಹಾದುಹೋಗುವ ಕಡೆ ಲೋಹ ಎಷ್ಟಿದೆ ಅನ್ನುವುದು ಮುಖ್ಯ. ಅಷ್ಟರೊಳಗೆ ಕನಿಷ್ಠ ಮೂರು ಹಲ್ಲು ಇರಬೇಕು. ಆರರಿಂದ ಹನ್ನೆರಡು ಇದ್ದರೆ ಬಹಳ ಒಳ್ಳೆಯದು. ಲೋಹದೊಳಗಿನ ಹಲ್ಲು 24 ದಾಟಿದರೆ ದೊಡ್ಡ ಹಲ್ಲಿನದಕ್ಕೆ ಬದಲಾಯಿಸುತ್ತೇನೆ.

ಈಗ ದಿನನಿತ್ಯ ಮಷೀನಿನಲ್ಲಿ ಇರುವುದು 10/14 ಬೈಮೆಟಲ್ ಬ್ಲೇಡ್, ಅಂದರೆ ಎರಡು ಬಗೆಯ ಸ್ಟೀಲ್ ಸೇರಿಸಿ ಮಾಡಿದ್ದು. ಇದರಲ್ಲಿ ಹಲ್ಲಿನ ಅಂತರ ಒಂದೇ ಸಮ ಇರುವುದಿಲ್ಲ, ಇಂಚಿಗೆ 10ರಿಂದ 14ರ ನಡುವೆ ಬದಲಾಗುತ್ತಾ ಹೋಗುತ್ತದೆ. ಅದರಿಂದ ನಡುಕ, ಕಿರುಚಾಟ ಎರಡೂ ಕಡಿಮೆ. 25 ಮಿ.ಮೀ. ರಾಡ್‌ಗೆ ಹೇಳಿ ಮಾಡಿಸಿದ ಹಾಗಿದೆ. ದಪ್ಪ ಶಾಫ್ಟ್ ಬಂದರೆ 6/10 ಹಾಕುತ್ತೇನೆ. 16 ಗೇಜ್ (ಸುಮಾರು 1.6 ಮಿ.ಮೀ. ದಪ್ಪದ) ಪೈಪ್‌ಗೆ ಇಂಚಿಗೆ 24 ಹಲ್ಲಿನದ್ದು. ಅಷ್ಟು ತೆಳುವಿಗೆ ಅದರಲ್ಲೂ ಮೂರು ಹಲ್ಲು ಸಿಗುವುದಿಲ್ಲ, ಹಾಗಾಗಿ ಸಾದ ಭಾರ ಹಿಡಿದಿಡುವ ಸ್ಪ್ರಿಂಗ್ ಬಿಗಿ ಮಾಡಿ, ಸಾ ನಿಧಾನ ಇಳಿಯುವ ಹಾಗೆ ನೋಡಿಕೊಳ್ಳುತ್ತೇನೆ.

ಬ್ಲೇಡ್ ಬದಲಿಸದೆಯೇ ಹಲ್ಲು ಹೆಚ್ಚಿಸುವ ದಾರಿಯೂ ಇದೆ. ಇದು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. 50×50×5 ಆಂಗಲ್ ತಗೊಳ್ಳಿ, ಅಂದರೆ 50 ಮಿ.ಮೀ.ನ ಎರಡು ಕಾಲು, 5 ಮಿ.ಮೀ. ದಪ್ಪ ಇರುವ L ಆಕಾರದ ಕಬ್ಬಿಣ. ಒಂದು ಕಾಲು ಮಲಗಿಸಿ ಒಂದು ನಿಲ್ಲಿಸಿದರೆ, ಬ್ಲೇಡ್‌ಗೆ ಮೊದಲು 5 ಮಿ.ಮೀ. ಸಿಗುತ್ತದೆ, ಆಮೇಲೆ ಒಮ್ಮೆಲೇ 50. ಬೋರಲು ಹಾಕಿ, ಮನೆಯ ಮಾಡಿನ ಹಾಗೆ ಮೂಲೆ ಮೇಲೆ ಬರುವಂತೆ ಇಡಿ. ಈಗ ಎರಡೂ ಕಾಲು ಓರೆಯಾಗಿ ಸಿಗುತ್ತವೆ, ಒಂದೊಂದೂ ಸುಮಾರು 7 ಮಿ.ಮೀ., ಹೆಚ್ಚುಕಡಿಮೆ ಕೊನೆಯವರೆಗೂ ಅಷ್ಟೇ. 10/14 ಬ್ಲೇಡಿನಲ್ಲಿ ಎರಡು ಹಲ್ಲು ಕೂರುತ್ತಿದ್ದ ಕಡೆ ಮೂರು ಕೂತವು. ಅಷ್ಟೇ ವ್ಯತ್ಯಾಸ, ಆದರೆ ಸದ್ದೇ ಬೇರೆ ಆಯಿತು!

ಕಾರ್ಬನ್ ಬ್ಲೇಡ್ ಅಗ್ಗ. ಆದರೆ ಬಿಸಿಯಾದರೆ ಅದರ ಹಲ್ಲು ಬೇಗ ಮೊಂಡಾಗುತ್ತದೆ. ಬೈಮೆಟಲ್‌ನಲ್ಲಿ ಬೆನ್ನು ಬಾಗುವ ಸ್ಪ್ರಿಂಗ್ ಸ್ಟೀಲಿನದು, ಹಲ್ಲಿನ ತುದಿ ಹೈಸ್ಪೀಡ್ ಸ್ಟೀಲಿನದು. ನಾನು ತರುವುದು ಎಂ42 ಅನ್ನುವ ಬಗೆಯ ಹೈಸ್ಪೀಡ್ ಸ್ಟೀಲಿನದು, ಅದರಲ್ಲಿ 8% ಕೋಬಾಲ್ಟ್ ಇರುತ್ತದೆ. ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಕೆಲಸ ಇರುವವರು ಬೇರೆ ಯೋಚನೆ ಮಾಡಬೇಡಿ.

ದಪ್ಪದಲ್ಲೂ ಒಂದು ಸಲ ಪೆಟ್ಟು ತಿಂದೆ. ಗಟ್ಟಿ ಇರುತ್ತದೆ ಅಂತ 0.9 ಮಿ.ಮೀ. ದಪ್ಪದ ರೋಲಿನಿಂದ ಅಳತೆಗೆ ವೆಲ್ಡ್ ಮಾಡಿಸಿ ತಂದೆ. ನನ್ನ ಮಷೀನಿನ ಚಕ್ರ ಸುಮಾರು 7 ಇಂಚು. ಅಷ್ಟು ಚಿಕ್ಕ ಸುತ್ತಿನಲ್ಲಿ ಸುತ್ತಿಗೊಮ್ಮೆ ಬಾಗಿ ನೆಟ್ಟಗಾಗಿ ಹಲ್ಲಿನ ಬುಡದಲ್ಲಿ ಬಿರುಕು ಬಂತು, ಕೆಲವೇ ದಿನದಲ್ಲಿ ತುಂಡಾಯಿತು. ಹಲ್ಲು ಇನ್ನೂ ಹೊಸದರಂತೆಯೇ ಇತ್ತು. ಚಿಕ್ಕ ಮಷೀನಿಗೆ 0.65 ಸಾಕು.

ಹೊಸ ಬ್ಲೇಡ್ ಹಾಕಿದ ದಿನ ಅವಸರ ಬೇಡ. ಹಲ್ಲಿನ ತುದಿ ಬಹಳ ಚೂಪಾಗಿರುತ್ತದೆ, ಪೂರ್ತಿ ಭಾರ ಬಿಟ್ಟರೆ ತುದಿಯೇ ಚಕ್ಕೆ ಏಳುತ್ತದೆ. ಮೊದಲ ಕೆಲವು ಕಟ್ ಅರ್ಧ ಭಾರದಲ್ಲಿ ಮಾಡುತ್ತೇನೆ. ಆಮೇಲೆ ಚೂರು ನೋಡಿ ಭಾರ ಹೊಂದಿಸುತ್ತೇನೆ. ಎಂಎಸ್‌ನಲ್ಲಿ (ಮೈಲ್ಡ್ ಸ್ಟೀಲ್, ಸಾಮಾನ್ಯ ಕಬ್ಬಿಣ) ಬೆಳ್ಳಗೆ, ಸುರುಳಿ ಸುರುಳಿಯಾಗಿ ಬಂದರೆ ಸರಿ ಇದೆ. ಪುಡಿ ಬಂದರೆ ಭಾರ ಕಡಿಮೆ, ನೀಲಿ ಬಣ್ಣಕ್ಕೆ ತಿರುಗಿದರೆ ಜಾಸ್ತಿ. ಎರಕದ ಕಬ್ಬಿಣದಲ್ಲಿ ಮಾತ್ರ ಯಾವಾಗಲೂ ಪುಡಿಯೇ ಬರುವುದು, ಅಲ್ಲಿ ಗಾಬರಿ ಬೇಡ.

ಕತ್ತರಿಸುವ ನಡುವೆ ಬ್ಲೇಡ್ ಹೋದರೆ, ಹೊಸದನ್ನು ಹಳೆಯ ಸೀಳಿನೊಳಗೆ ಇಳಿಸಬೇಡಿ. ಸವೆದ ಬ್ಲೇಡ್ ಮಾಡಿದ ಸೀಳು ಕಿರಿದು, ಹೊಸ ಬ್ಲೇಡಿನ ಹಲ್ಲು ಎಡಕ್ಕೂ ಬಲಕ್ಕೂ ಬಾಗಿರುವ ಹರವು ಅಗಲ. ಒಳಗೆ ಸಿಕ್ಕಿಕೊಂಡು ಮೊದಲ ನಿಮಿಷದಲ್ಲೇ ಹಾಳಾಗುತ್ತದೆ. ನಾನು ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ, ಇನ್ನೊಂದು ಕಡೆಯಿಂದ ಶುರು ಮಾಡಿ, ಹಳೆಯ ಸೀಳಿಗೆ ಸೇರಿಸುತ್ತೇನೆ.