ಮನೆ ರಿಪೇರಿಗೆ ಸಣ್ಣ ಸ್ಕ್ರೂಡ್ರೈವರ್ ಸೆಟ್: ನಾನು ಆರಿಸಿದ ರೀತಿ

ಹುಬ್ಬಳ್ಳಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಧೂಳಿನ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಫ್ಯಾನಿನ ಹಿಂದಿನ ಜಾಲರಿ ಪೂರ್ತಿ ಕಟ್ಟಿಕೊಂಡಿರುತ್ತದೆ, ತೊಡೆಯ ಮೇಲೆ ಇಟ್ಟುಕೊಂಡರೆ ಕಾದ ಹಂಚು. ಅಷ್ಟು ಧೂಳು ತೆಗೆಯೋದಕ್ಕೆ ಪ್ರತಿ ವರ್ಷ ಅಂಗಡಿಗೆ ದುಡ್ಡು ಯಾಕೆ ಕೊಡಬೇಕು ಅಂತ ನಾನೇ ಬಿಚ್ಚೋಕೆ ಶುರು ಮಾಡಿದೆ. ಆಮೇಲೆ ಟ್ರಿಮ್ಮರ್ ಬಂತು, ಸೊಳ್ಳೆ ಬ್ಯಾಟ್ ಬಂತು, ಅಕ್ಕನ ಮಗನ ಗೇಮ್ ಕಂಟ್ರೋಲರ್ ಬಂತು. ಈಗ ಓಣಿಯವರೂ ತಂದು ಕೊಡುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: ಯಾವ ಸೆಟ್ ತಗೊಳ್ಳೋಣ, ಜಾಸ್ತಿ ದುಡ್ಡು ಹಾಕದೆ?

ಸೆಟ್ ನೋಡುವ ಮೊದಲು ನಾನು ಮನೆಯ ಸ್ಕ್ರೂ ನೋಡಿದೆ. ಬಿಚ್ಚಬಹುದು ಅನ್ನಿಸಿದ ಎಲ್ಲ ಸಾಮಾನನ್ನೂ ಬೋರಲು ಹಾಕಿ, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಸ್ಕ್ರೂ ತಲೆಯ ಫೋಟೊ ತೆಗೆದೆ. ಲ್ಯಾಪ್‌ಟಾಪಿನ ತಳದಲ್ಲಿ ಹೆಚ್ಚಾಗಿ ಫಿಲಿಪ್ಸ್, ಅಂದರೆ ಅಂಗಡಿಯಲ್ಲಿ ಸ್ಟಾರ್ ಅನ್ನೋದು, ಪಿಎಚ್ 0 ಅಳತೆ. ಆಂಡ್ರಾಯ್ಡ್ ಫೋನಿನ ಒಳಗೆ ಅದಕ್ಕಿಂತ ಸಣ್ಣ ಪಿಎಚ್ 00 ಅಥವಾ ಪಿಎಚ್ 000. ಹೆಂಡತಿಯ ಐಫೋನಿನ ಕೆಳಗೆ ಚಾರ್ಜಿಂಗ್ ತೂತಿನ ಎರಡೂ ಬದಿ ಐದು ಎಸಳಿನ ಪೆಂಟಲೋಬ್, ಪಿ2. ಐಫೋನ್ 7ರಿಂದ ಈಚೆಗೆ ಒಳಗಡೆ ಮೂರು ಕವಲಿನ ವೈ000 ಕೂಡ ಇರುತ್ತದೆ. ಹಾರ್ಡ್ ಡಿಸ್ಕಿಗೆ ಆರು ಎಸಳಿನ ಟಾರ್ಕ್ಸ್. ಎಕ್ಸ್‌ಬಾಕ್ಸ್ ಕಂಟ್ರೋಲರಿಗೆ ಟಾರ್ಕ್ಸ್‌ನಲ್ಲೇ ಟಿ8 ಅಳತೆ, ಅದೂ ನಡುವೆ ಸಣ್ಣ ಕಡ್ಡಿ ಇರುವಂಥದ್ದು. ಅದಕ್ಕೆ ತುದಿಯಲ್ಲಿ ತೂತು ಇರುವ ಬಿಟ್ಟೇ (ಹಿಡಿಗೆ ಸಿಕ್ಕಿಸುವ ಬಿಡಿ ತುದಿ) ಬೇಕು. ತೂತಿನ ಬಿಟ್ ಸಾದಾ ಟಾರ್ಕ್ಸ್‌ಗೂ ಆಗುತ್ತದೆ, ಹಾಗಾಗಿ ಆಯ್ಕೆ ಇದ್ದರೆ ತೂತಿನದ್ದೇ ತಗೊಳ್ಳಿ.

ಎಲ್ಲ ಸೇರಿಸಿದರೂ ಹತ್ತು ಹನ್ನೆರಡು ತುದಿಯೊಳಗೆ ಮನೆಯ ಕೆಲಸ ಮುಗಿಯುತ್ತದೆ. ಈ ಪಟ್ಟಿ ಕೈಯಲ್ಲಿದ್ದರೆ ಅಂಗಡಿಯಲ್ಲಿ ತಲೆ ತಿರುಗೋದಿಲ್ಲ.

ಯಾಕೆ ಅಂದರೆ ಅಲ್ಲಿ ಸಂಖ್ಯೆ ತೋರಿಸಿಯೇ ಮಾರುವುದು. ಕೊಪ್ಪಿಕರ್ ರಸ್ತೆಯ ಕಡೆ ಒಂದು ಅಂಗಡಿಯಲ್ಲಿ ಕೇಳಿದಾಗ ದೊಡ್ಡ ಡಬ್ಬಿ ತೆಗೆದು ಮುಂದಿಟ್ಟರು. "ಸರ, 115 ಅದಾವ್ರಿ ಇದ್ರಾಗ, ಜೀವನದಾಗ ಮತ್ತ ತಗೊಳ್ಳೂದ ಬ್ಯಾಡ." ನಾನು ಚೀಲದಿಂದ ಹಳೇ ಲ್ಯಾಪ್‌ಟಾಪ್ ತೆಗೆದೆ. "ಅಣ್ಣಾರ, ಎಷ್ಟರ ಇರ್ಲಿ, ಈ ಸ್ಕ್ರೂಕ್ಕ ಹಚ್ಚಿ ನೋಡ್ತೀನ್ರಿ." ಅವರು ನಕ್ಕು ಡಬ್ಬಿ ನನ್ನ ಕಡೆ ಸರಿಸಿದರು. ಆ 115ರಲ್ಲಿ ಚಪ್ಪಟೆ ತುದಿ ಒಂದು ಸಾಲು, ಷಟ್ಕೋನದ ಅಲೆನ್ ಒಂದು ಸಾಲು, ಟಿ15, ಟಿ20 ಅಂತ ಮೇಲಕ್ಕೆ ಹೋದವು ಇನ್ನೊಂದು ಸಾಲು. ಮನೆಯಲ್ಲಿ ಇವಕ್ಕೆ ಕೆಲಸ ಎಲ್ಲಿದೆ?

ಒಂದು ಸತ್ತ ಲ್ಯಾಪ್‌ಟಾಪ್ ಅಥವಾ ಹಾರ್ಡ್ ಡಿಸ್ಕ್ ಚೀಲದಲ್ಲಿ ಒಯ್ಯುವುದು ನಾನು ಹೇಳುವ ಮುಖ್ಯ ಕೆಲಸ. ಸ್ಕ್ರೂ ಅದರಲ್ಲೇ ಬಿಗಿಯಾಗಿ ಕೂತಿರಬೇಕು, ಬಿಡಿ ಸ್ಕ್ರೂ ಒಯ್ದರೆ ಏನೂ ಗೊತ್ತಾಗಲ್ಲ. ಪಿಎಚ್ 0 ಬಿಟ್ ಹಿಡಿಗೆ ಹಾಕಿ ಸ್ಕ್ರೂ ತಲೆಯ ಮೇಲೆ ನೇರ ಇಡಿ. ತಿರುಗಿಸಬೇಡಿ. ಎರಡು ಬೆರಳಲ್ಲಿ ಹಗುರವಾಗಿ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಸ್ಕ್ರೂ ಅಲುಗದೆ ತುದಿ ಮಾತ್ರ ಸ್ವಲ್ಪ ಸ್ವಲ್ಪ ಹೊರಳಿದರೆ ಅದು ಸರಿಯಾಗಿ ಕೂತಿಲ್ಲ. ಆಮೇಲೆ ಬಿಟ್ ಹೊರಗೆ ತೆಗೆದು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ನಾಲ್ಕು ರೆಕ್ಕೆಯೂ ಒಂದೇ ದಪ್ಪ ಇರಬೇಕು, ಅಂಚು ನೇರ ಇರಬೇಕು. ಅಗ್ಗದ ಬಿಟ್ಟಿನಲ್ಲಿ ಮೇಲಿನ ಹೊಳಪಿನ ಲೇಪವೇ ದಪ್ಪಗಾಗಿ ಅಂಚು ದುಂಡಗಾಗಿರುತ್ತದೆ. ಇನ್ನು ಕೆಲವು ತುದಿ ಸೂಜಿಯಷ್ಟು ಚೂಪು. ಅದು ಮೊದಲು ಸ್ಕ್ರೂ ತಳ ಮುಟ್ಟಿಬಿಡುತ್ತದೆ, ರೆಕ್ಕೆಗಳು ಮೇಲೇ ನಿಂತಿರುತ್ತವೆ. ಒತ್ತಿ ತಿರುಗಿಸಿದರೆ ಬಿಟ್ ಎದ್ದು ಜಾರಿ ಸ್ಕ್ರೂ ತಲೆ ಕೆತ್ತಿಹೋಗುತ್ತದೆ, ಅಷ್ಟು ಸಣ್ಣ ಸ್ಕ್ರೂ ತಲೆ ಹೋದ ಮೇಲೆ ಅದನ್ನು ಹೊರಗೆ ತೆಗೆಯೋದು ಅರ್ಧ ದಿನದ ಕೆಲಸ. ನಡುವೆ ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸಿ ಅನ್ನುವ ಉಪಾಯ ದೊಡ್ಡ ಸ್ಕ್ರೂಗಳಿಗೆ ಇರಬಹುದು, ಲ್ಯಾಪ್‌ಟಾಪ್ ಸ್ಕ್ರೂಗೆ ನನಗಂತೂ ಒಮ್ಮೆಯೂ ಆಗಿಲ್ಲ.

ಉಕ್ಕಿನ ಬಗ್ಗೆ ಎರಡು ಹೆಸರು ಕಾಣುತ್ತವೆ, ಸಿಆರ್‌ವಿ ಮತ್ತು ಎಸ್2. ಸಿಆರ್‌ವಿ ಅಂದರೆ ಕ್ರೋಮ್ ವೆನೇಡಿಯಂ. ಎಸ್2 ಸಾಮಾನ್ಯವಾಗಿ ಅದಕ್ಕಿಂತ ಗಟ್ಟಿ, ಬಿಟ್ಟಿಗೆ ಅದೇ ಒಳ್ಳೆಯದು. ಆದರೆ ಡಬ್ಬಿಯ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು ಅಲ್ವಾ? ಅದಕ್ಕೇ ನಾನು ಓದುವುದಕ್ಕಿಂತ ಹಚ್ಚಿ ನೋಡುವುದನ್ನು ನಂಬುತ್ತೇನೆ. ಒಳ್ಳೆ ಉಕ್ಕಿದ್ದು ತುದಿ ಕೆಟ್ಟದಾಗಿ ಕೊರೆದಿದ್ದರೆ ಇನ್ನೂ ಕಷ್ಟ. ಸ್ಕ್ರೂ ಮೆತ್ತಗೆ, ಬಿಟ್ ಗಟ್ಟಿ, ಹಾಳಾಗೋದು ನಿಮ್ಮ ಸಾಮಾನು.

ಹಿಡಿ ವಿಷಯಕ್ಕೆ ಬಂದರೆ, ಹಿಂದಿನ ಟೋಪಿ ಸಲೀಸಾಗಿ ತಿರುಗಬೇಕು. ತೋರುಬೆರಳು ಅದರ ಮೇಲೆ ಒತ್ತಿ, ಹೆಬ್ಬೆರಳು ನಡುಬೆರಳಿನಿಂದ ತಿರುಗಿಸುವುದು ಈ ಕೆಲಸದ ರೀತಿ. ಫಿಲಿಪ್ಸ್ ಸ್ಕ್ರೂಗೆ ತಿರುಗಿಸೋದಕ್ಕಿಂತ ಒತ್ತೋದೇ ಜಾಸ್ತಿ ಬೇಕು. ಟೋಪಿ ಬಿಗಿಯಾಗಿದ್ದರೆ ಎರಡೂ ಒಟ್ಟಿಗೆ ಆಗಲ್ಲ. ಬಿಟ್ ಕೂರುವ ತೂತಿನಲ್ಲಿ ಅಯಸ್ಕಾಂತ ಇದೆಯಾ ನೋಡಿ, ಬಿಟ್ ಅಲ್ಲಿ ಲಟಪಟ ಅನ್ನಬಾರದು. ಸಣ್ಣ ಬಿಟ್ಟುಗಳ ಬುಡ 4 ಮಿಲಿಮೀಟರ್, ದೊಡ್ಡ ಸ್ಕ್ರೂಡ್ರೈವರಿನ ಬಿಟ್ 6.35 ಮಿಲಿಮೀಟರ್. ಒಂದರ ಹಿಡಿಗೆ ಇನ್ನೊಂದು ಕೂರಲ್ಲ.

ಯಾರೂ ಹೇಳದ ಒಂದು ಮಾತಿದೆ, ಆಳದ ತೂತು. ಸೊಳ್ಳೆ ಬ್ಯಾಟಿನ ಹಿಡಿಯಲ್ಲಿ ಸ್ಕ್ರೂ ಒಳಗಡೆ ಹೂತಿರುತ್ತದೆ. ಬಿಟ್ ಗಿಡ್ಡ, ಹಿಡಿ ದಪ್ಪ, ತುದಿ ಸ್ಕ್ರೂ ಮುಟ್ಟುವುದರೊಳಗೆ ಹಿಡಿ ಪ್ಲಾಸ್ಟಿಕ್ಕಿಗೆ ತಾಗಿ ನಿಲ್ಲುತ್ತದೆ. ಹಾಗಾಗಿ ಸೆಟ್ಟಿನಲ್ಲಿ ಹಿಡಿಗೂ ಬಿಟ್ಟಿಗೂ ನಡುವೆ ಹಾಕುವ ತೆಳ್ಳಗಿನ ಉದ್ದ ಕಡ್ಡಿ ಇರಲೇಬೇಕು. ನಾನು ಆ ಕಡ್ಡಿ ಇಲ್ಲದ ಸೆಟ್ ಕೈಯಲ್ಲೂ ಹಿಡಿಯಲ್ಲ. ಅಂದ ಹಾಗೆ ಸೊಳ್ಳೆ ಬ್ಯಾಟ್ ಆಫ್ ಮಾಡಿದ ಮೇಲೂ ಒಳಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಚುರುಕ್ ಅನ್ನಿಸುತ್ತದೆ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಜಾಲರಿಯ ಪದರಗಳನ್ನು ಒಂದಕ್ಕೊಂದು ತಾಗಿಸಿ ಖಾಲಿ ಮಾಡಿಕೊಂಡೇ ಬಿಚ್ಚಿ. ಲ್ಯಾಪ್‌ಟಾಪ್ ಆದರೆ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿ, ಉಳಿದದ್ದೆಲ್ಲ ಆಮೇಲೆ.

ಮಿಕ್ಸರಿನ ತಳಕ್ಕೆ ಈ ಸೆಟ್ ಹಚ್ಚಬೇಡಿ. ಅಲ್ಲಿನ ಸ್ಕ್ರೂ ದೊಡ್ಡದು, ಬಿಗಿ ಜಾಸ್ತಿ, ಸಣ್ಣ ಬಿಟ್ ಮುರಿಯುತ್ತದೆ. ಅದಕ್ಕೆ ಟಪಾರಿಯಾ ಕಂಪನಿಯದ್ದರಂಥ ಒಂದು ಉದ್ದನೆಯ ಪಿಎಚ್ 2 ಸ್ಕ್ರೂಡ್ರೈವರ್ ಬೇರೆಯೇ ಇಟ್ಟುಕೊಳ್ಳಿ.

ಕೊನೆಗೆ ನಾನು ತಗೊಂಡದ್ದು ಇಪ್ಪತ್ತೈದು ಬಿಟ್ ಆಸುಪಾಸಿನ, ಅಲ್ಯೂಮಿನಿಯಂ ಹಿಡಿಯ, ಉದ್ದ ಕಡ್ಡಿ ಇರುವ ಸೆಟ್. 500 ರೂಪಾಯಿಯ ಒಳಗೆ ಬಂತು. 200ರ ಒಳಗಿನವನ್ನೂ ಹಚ್ಚಿ ನೋಡಿದೆ. ವರ್ಷಕ್ಕೊಮ್ಮೆ ರಿಮೋಟ್ ಬಿಚ್ಚುವವರಿಗೆ ಅವು ಸಾಕು, ಫೋನ್ ಮುಟ್ಟುವವರಿಗೆ ಸಾಲದು. ಜೊತೆಗೆ ಬರುವ ಪ್ಲಾಸ್ಟಿಕ್ ಮೀಟುಗೋಲು, ಹೀರುವ ಬಟ್ಟಲು ಇವನ್ನೆಲ್ಲ ನೋಡಿ ಮರುಳಾಗಬೇಡಿ, ಹಳೇ ಎಟಿಎಂ ಕಾರ್ಡ್ ಕತ್ತರಿಸಿಕೊಂಡರೆ ಅಂಚು ಮೀಟೋಕೆ ಅದೇ ಚೆನ್ನಾಗಿ ಆಗುತ್ತದೆ. ಡಬ್ಬಿ ಮಾತ್ರ ತಲೆಕೆಳಗೆ ಮಾಡಿ ನೋಡಿ. ಬಿಟ್ ಉದುರಿದರೆ ಬೇಡ. ವೈ000 ಒಮ್ಮೆ ಟೇಬಲ್ ಕೆಳಗೆ ಬಿದ್ದರೆ ಸಿಗೋದಿಲ್ಲ.

ನನ್ನ ಸೆಟ್ಟಿನಲ್ಲಿ ಮೊದಲು ಸವೆಯುತ್ತಿರುವುದು ಪಿಎಚ್ 0 ಬಿಟ್, ಯಾಕೆಂದರೆ ಮುಕ್ಕಾಲು ಕೆಲಸ ಅದರದ್ದೇ. 4 ಮಿಲಿಮೀಟರ್ ಬುಡದ ಬಿಡಿ ಬಿಟ್ಟುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಪಿಎಚ್ 0, ಪಿಎಚ್ 00 ಎರಡನ್ನು ಮಾತ್ರ ಸ್ವಲ್ಪ ಒಳ್ಳೆ ಕಂಪನಿಯದ್ದು ತರಿಸಿ ಅದೇ ಹಿಡಿಗೆ ಹಾಕಿಕೊಳ್ಳುವ ಲೆಕ್ಕದಲ್ಲಿದ್ದೇನೆ. ಪೂರ್ತಿ ಸೆಟ್ ಬದಲಿಸುವ ಅಗತ್ಯ ಸದ್ಯಕ್ಕೆ ಕಾಣುತ್ತಿಲ್ಲ.