ಲಾಲ್‌ಬಾಗಲ್ಲಿ ನಂಗೆ ವ್ಯಾಯಾಮ ಮಾಡಿಸೋದು ಮರಗಳೇ

ದಿನಾ ಬೆಳಗ್ಗೆ ಎದ್ದು ವಾಕಿಂಗ್ ಹೋಗ್ಬೇಕು ಅಂದ್ರೆ ನಂಗೆ ಸ್ಟೆಪ್ ಲೆಕ್ಕ ಸಾಕಾಗಲ್ಲ, ನೋಡೋಕೆ ಏನಾದ್ರೂ ಹೊಸದು ಇರ್ಬೇಕು. ಲಾಲ್‌ಬಾಗ್ 240 ಎಕರೆ ಇದೆ, ದಿನಕ್ಕೊಂದು ದಾರಿ ಹಿಡಿದ್ರೂ ಬೇಜಾರಾಗಲ್ಲ.

ನಾನು ಮಾಡೋದು ಸಿಂಪಲ್. ಮೊದಲು ನಿಧಾನಕ್ಕೆ ನಡೀತೀನಿ, ಮೈ ಬಿಸಿಯಾದ್ಮೇಲೆ ಮುಂದೆ ಕಾಣೋ ಯಾವ್ದಾದ್ರೂ ಒಂದು ಮರ ಗುರಿ ಇಟ್ಕೊಂಡು ಅಲ್ಲೀವರೆಗೂ ಜಾಗಿಂಗ್, ಅಲ್ಲಿಂದ ಇನ್ನೊಂದು ಮರದವರೆಗೂ ನಡಿಗೆ, ಹೀಗೇ ಮುಂದುವರಿಸೋದು. ಮೈಯಲ್ಲಿ ಕಸುವಿದ್ರೆ ದೂರದ ಮರ, ಸುಸ್ತಿರೋ ದಿನ ಹತ್ತಿರದ್ದು. ದೊಡ್ಡ ಬೂರುಗದ ಮರದ ಹತ್ರ ಮಾತ್ರ ನಿಂತೇ ನಿಲ್ತೀನಿ. 200 ವರ್ಷದ ಹಳೇ ಮರ ಅಂತಾರೆ, ಬುಡದಿಂದ ಅಗಲಕ್ಕೆ ಎದ್ದಿರೋ ಆ ಬೇರು ನೋಡ್ತಾ ಹಾಗೇ ಕಣ್ಣು ಮೇಲೆ ಏರಿಸ್ತಾ ತುದೀವರೆಗೂ ಹೋದ್ರೆ ಕತ್ತಿನ ಸ್ಟ್ರೆಚ್ಚೂ ಆಯ್ತು, ದಿನವಿಡೀ ಕಂಪ್ಯೂಟರ್ ಮುಂದೆ ಬಗ್ಗಿ ಕೂತಿರೋ ಬೆನ್ನೂ ನೆಟ್ಟಗಾಯ್ತು. ಅಲ್ಲೇ ಪಕ್ಕದಲ್ಲಿ ಒಂಟಿ ಕಾಲಲ್ಲಿ ನಿಲ್ಲೋ ವೃಕ್ಷಾಸನ. ದೃಷ್ಟಿನ ಕಾಂಡದ ಮೇಲಿನ ಒಂದು ಗಂಟಿನ ಮೇಲೆ ನಿಲ್ಲಿಸಿದ್ರೆ ಮೈ ಅಷ್ಟು ಓಲಾಡಲ್ಲ.

ನಿಜವಾದ ಖುಷಿ ಇರೋದು ಋತು ನೋಡೋದ್ರಲ್ಲಿ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಅವರು ಒಂದು ಮರದ ಹೂವು ಮುಗಿಯೋ ಹೊತ್ತಿಗೆ ಇನ್ನೊಂದು ಅರಳೋ ಹಾಗೆ ಈ ಊರಲ್ಲಿ ಗಿಡ ನೆಡ್ಸಿದ್ರು, ಅದರ ಫಲ ನನ್ನಂಥೋರು ಇವತ್ತಿಗೂ ಉಣ್ತಿದೀವಿ. ಚಳಿಗಾಲದಲ್ಲಿ ಆಕಾಶಮಲ್ಲಿಗೆ ಘಮ, ಆಮೇಲೆ ತಬೂಬಿಯಾ, ಜಕರಾಂಡ, ಏಪ್ರಿಲ್ ಮೇ ಬಂದ್ರೆ ಗುಲ್‌ಮೊಹರ್. ನಂಗೆ ಎಲ್ಲಕ್ಕಿಂತ ಇಷ್ಟ ಹೊಂಗೆ. ಎಲೆ ಉದುರಿಸ್ಕೊಂಡು ಬೋಳಾಗಿ ನಿಂತಿದ್ದ ಮರ ಯುಗಾದಿ ಹೊತ್ತಿಗೆ ತೆಳುಹಸಿರು ಚಿಗುರು ತುಂಬ್ಕೊಂಡು ಫಳಫಳ ಹೊಳೀತಿರತ್ತೆ, ಹಿಂದೇನೇ ಹೂವು, ಬುಡದ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ, ಮೇಲೆ ಜೇನ್ನೊಣದ ಗುಂಯ್. ಇವತ್ತು ಮೊಗ್ಗು ಎಷ್ಟು ಬಿರಿದಿರಬಹುದು ಅಂತ ನೋಡೋ ಆಸೆಗೇ ಅಲಾರಂಗಿಂತ ಮುಂಚೆ ಎಚ್ಚರ ಆಗ್ಬಿಡತ್ತೆ, ನಾಲ್ಕು ಸುತ್ತು ಸಲೀಸಾಗಿ ಮುಗಿಯತ್ತೆ.

ಶುರು ಮಾಡೋರು ನಿಮ್ಮ ಬೀದೀಲೇ ಇರೋ ಒಂದು ಮರ ಆರಿಸ್ಕೊಳ್ಳಿ, ವರ್ಷ ಪೂರ್ತಿ ಅದನ್ನೇ ನೋಡಿ. ಒಂದು ಮಾತು, ಮುಂಗಾರಿಗೆ ಮುಂಚಿನ ಗಾಳಿಮಳೆ ಟೈಮಲ್ಲಿ ಗುಲ್‌ಮೊಹರ್ ಕೆಳಗೆ ಸ್ಟ್ರೆಚಿಂಗ್ ಬೇಡ, ಅದರ ಕೊಂಬೆ ಬೇಗ ಮುರಿಯತ್ತೆ.