ಮಗು ಚಂಚಲ ಅಂದಾಗ ನಾನು ಕೇಳುವ ಪ್ರಶ್ನೆಗಳು

ನಾನು ವಿಜಯಪುರದಲ್ಲಿ ಮಕ್ಕಳ ಡಾಕ್ಟರ್. ಜ್ವರ, ಭೇದಿ, ಕೆಮ್ಮು ಬಿಟ್ಟರೆ ಈಗೀಗ ಜಾಸ್ತಿ ಕೇಳುವ ಮಾತು ಇದು: "ಮೇಡಮ್ರಿ, ಇಂವಾ ಒಂದ ಕಡೆ ಕುಂಡ್ರೂದ ಇಲ್ರಿ." ಇಲ್ಲವೇ, "ಮೂರು ವರ್ಷ ಮುಗೀತ್ರಿ, ಇನ್ನೂ ಸರಿಯಾಗಿ ಮಾತ ಬಂದಿಲ್ರಿ." ಕಿವಿ ಕೇಳುತ್ತಾ, ಥೈರಾಯ್ಡ್ ಸರಿ ಇದೆಯಾ, ರಕ್ತ ಕಡಿಮೆ ಇದೆಯಾ, ದಿನಕ್ಕೆ ಎಷ್ಟು ಹೊತ್ತು ಮೊಬೈಲು? ಇಷ್ಟನ್ನು ಎಲ್ಲ ಡಾಕ್ಟರೂ ನೋಡುತ್ತಾರೆ. ನಾನು ಇನ್ನೆರಡು ಸೇರಿಸಿಕೊಂಡಿದ್ದೇನೆ. ಮನೆಯಲ್ಲಿ ವಿಷ ಏನಿದೆ? ಮನೆಯಲ್ಲಿ ಚಿಂತೆ, ಜಗಳ ಏನಿದೆ? ಎರಡನ್ನೂ ಒಂದೇ ಸಲಕ್ಕೆ, ಒಬ್ಬರ ಹತ್ತಿರವೇ ಕೇಳುತ್ತೇನೆ.

ಎರಡು ವರ್ಷ ತುಂಬುವಷ್ಟರಲ್ಲಿ ಮಗುವಿನ ಮಿದುಳು ದೊಡ್ಡವರ ಮಿದುಳಿನ ಸುಮಾರು 80 ಪರ್ಸೆಂಟ್ ಗಾತ್ರಕ್ಕೆ ಬಂದಿರುತ್ತದೆ. ನರಕೋಶಗಳು ಮೊದಲು ಬೇಕಾದ್ದಕ್ಕಿಂತ ಜಾಸ್ತಿ ಕೊಂಡಿ ಹಾಕಿಕೊಳ್ಳುತ್ತವೆ. ಆಮೇಲೆ ಬಳಕೆ ಇಲ್ಲದವು ಕಡಿದುಹೋಗುತ್ತವೆ. ನಮ್ಮ ಕಡೆ ದ್ರಾಕ್ಷಿ ಬೆಳೆಯುವವರಿಗೆ ಚಾಟ್ನಿ (ಕಡ್ಡಿ ಸವರುವುದು) ಅಂದರೆ ಸಾಕು, ಈ ಕೆಲಸ ಅರ್ಥವಾಗುತ್ತದೆ. ಯಾವ ಕಡ್ಡಿ ಉಳಿಯಬೇಕು, ಯಾವುದು ಹೋಗಬೇಕು, ಯಾವಾಗ ಅನ್ನುವುದರ ಮೇಲೇ ಮುಂದಿನದೆಲ್ಲ ನಿಂತಿದೆ.

ಈ ಹೊತ್ತಿನಲ್ಲೇ ಸೀಸ ಒಳಗೆ ಬಂದರೆ ಅದು ಕ್ಯಾಲ್ಸಿಯಂ ವೇಷ ಹಾಕಿಕೊಂಡು ಕೂರುತ್ತದೆ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕ್ಯಾಲ್ಸಿಯಂ ಬೇಕು, ಅಲ್ವಾ? ಅಲ್ಲೇ ತೊಡಕು. ಬಾಯಿಂದ ಹೋದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ 4-5 ಪಟ್ಟು ಹೀರಿಕೊಳ್ಳುತ್ತದೆ. ಕಬ್ಬಿಣಾಂಶ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಇನ್ನು ಹೆದರಿಕೆ, ಜಗಳ, ಹಸಿವು ದಿನಾ ನಡೆದರೆ, ಚಿಂತೆ ಬಂದಾಗ ಮೈಯಲ್ಲಿ ಏರುವ ಕಾರ್ಟಿಸಾಲ್ ಅನ್ನುವ ಹಾರ್ಮೋನು ಇಳಿಯುವುದೇ ಇಲ್ಲ. ಅದು ನೆನಪಿನ ಜಾಗಕ್ಕೂ, ಹಣೆಯ ಹಿಂದೆ ಇರುವ ತಾಳ್ಮೆಯ ಜಾಗಕ್ಕೂ ಪೆಟ್ಟು ಕೊಡುತ್ತದೆ.

ಸೀಸ, ಚಿಂತೆ ಎರಡೂ ಹೋಗಿ ತಾಗುವುದು ಹೆಚ್ಚು ಕಡಿಮೆ ಒಂದೇ ದಾರಿಯಲ್ಲಿ. ಅಮೆರಿಕದ ವಿಜ್ಞಾನಿ ಡೆಬೊರಾ ಕೋರಿ-ಸ್ಲೆಕ್ಟಾ ಬಸಿರಿ ಇಲಿಗಳ ಮೇಲೆ ಇದನ್ನು ತೋರಿಸಿದ್ದಾರೆ. ಬರೀ ಸೀಸ ಕೊಟ್ಟಾಗ ಇಲ್ಲವೇ ಬರೀ ಒತ್ತಡ ಕೊಟ್ಟಾಗ ಕಾಣದ ತೊಂದರೆಗಳು ಎರಡೂ ಕೂಡಿದಾಗ ಮರಿಗಳಲ್ಲಿ ಕಂಡವು. ಪೋಲೆಂಡಿನ ಕ್ರಾಕೌ ಊರಿನ ತಾಯಂದಿರಲ್ಲಿ ಫ್ರೆಡೆರಿಕಾ ಪೆರೆರಾ ಅವರ ತಂಡ ಹೊಗೆಯ ವಿಷಯದಲ್ಲಿ ಇಂಥದ್ದನ್ನೇ ಕಂಡಿತು. ಬಸುರಿನಲ್ಲಿ ಗಾಳಿಯಲ್ಲಿನ ಹೊಗೆಯೂ ಒಳಗೆ ಹೋಗಿ, ಮನಸ್ಸೂ ಕುಗ್ಗಿದ್ದ ತಾಯಂದಿರ ಮಕ್ಕಳಲ್ಲಿ ನಡವಳಿಕೆಯ ತೊಂದರೆ ಜಾಸ್ತಿ ಇತ್ತು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಒಲೆ ಇನ್ನೂ ಉರಿಯುವ ನಮ್ಮ ಊರುಗಳಲ್ಲಿ ಇದನ್ನು ದೂರದ ಮಾತು ಅನ್ನಲು ಆಗುವುದಿಲ್ಲ.

ಒಂದು ಮನೆಯ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ನಾಲ್ಕು ವರ್ಷದ ಹುಡುಗ. ಮಾತು ಕಡಿಮೆ, ಸಿಟ್ಟು ಜಾಸ್ತಿ, ಹೊಟ್ಟೆನೋವು ಅಂತ ಅಳುತ್ತಾನೆ. "ಮಣ್ಣು ತಿಂತಾನೇನವ್ವಾ?" ಅಂತ ಕೇಳಿದೆ. "ಗ್ವಾಡಿ ನೆಕ್ಕತಾನ್ರಿ," ಅಂದಳು ತಾಯಿ. "ಮನಿಯವರು ಏನ್ ಕೆಲಸ ಮಾಡ್ತಾರ?" "ಬ್ಯಾಟರಿ ರಿಪೇರಿರಿ. ಮುಂದಿನ ಪಡಸಾಲ್ಯಾಗ."

ಪೆನ್ನು ಕೆಳಗಿಟ್ಟು ಎಲ್ಲ ಬಿಡಿಸಿ ಕೇಳಿದೆ. ಹಳೇ ಇನ್ವರ್ಟರ್ ಬ್ಯಾಟರಿ ಒಡೆಯುತ್ತಾರೆ. ಒಳಗಿನ ಸೀಸದ ಪ್ಲೇಟು ತೆಗೆದು ಗೋಡೆಗೆ ಒರಗಿಸುತ್ತಾರೆ. ಬೂದಿ ಬಣ್ಣದ ಪುಡಿ ಉದುರುತ್ತದೆ. ಸಂಜೆ ಅದನ್ನು ಕಸಬರಿಗೆಯಿಂದ ಗುಡಿಸುತ್ತಾರೆ. ಗುಡಿಸಿದ ಜಾಗದಲ್ಲೇ ರಾತ್ರಿ ಚಾಪೆ ಹಾಸುತ್ತಾರೆ. ಆ ಹುಡುಗ ನೆಕ್ಕುತ್ತಿದ್ದುದು ಪ್ಲೇಟು ಒರಗಿಸಿದ್ದ ಅದೇ ಗೋಡೆಯನ್ನು.

ಸೀಸ ಎಷ್ಟಿದೆ ಅಂತ ನೋಡಲು ರಕ್ತವನ್ನು ಕೈಯ ರಕ್ತನಾಳದಿಂದಲೇ ತೆಗೆಸಿದೆ. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳೇ ಸೇರಿ ಲೆಕ್ಕ ಕೆಡುತ್ತದೆ. ಲ್ಯಾಬಿನವರು ಸ್ಯಾಂಪಲ್ ಹೊರಗಿನ ಊರಿಗೆ ಕಳಿಸಿದರು. ಸೀಸ ಡೆಸಿಲೀಟರ್ (100 ಎಂಎಲ್) ರಕ್ತಕ್ಕೆ 30 ಮೈಕ್ರೋಗ್ರಾಂ ದಾಟಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) 2021ರಿಂದ 3.5 ಬಂದರೇ ಎಚ್ಚರ ವಹಿಸಿ ಅನ್ನುತ್ತದೆ. ಇಷ್ಟಿದ್ದರೆ ಅಡ್ಡಿಯಿಲ್ಲ ಅನ್ನುವ ಮಟ್ಟವೇ ಇಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೀಸವನ್ನು ಹೊರಹಾಕುವ ಔಷಧಿ ಸಾಮಾನ್ಯವಾಗಿ ಕೊಡುವುದು 45 ಮುಟ್ಟಿದ ಮೇಲೆ. ಹಾಗಾಗಿ ಈ ಹುಡುಗನಿಗೆ ಔಷಧಿ ಅಂದರೆ ಕಬ್ಬಿಣದ ಸಿರಪ್, ಕ್ಯಾಲ್ಸಿಯಂ, ಮತ್ತು ಆ ಪಡಸಾಲೆ ಖಾಲಿ ಮಾಡುವುದು.

ತಾಯಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. ಸಂಘದ ಕಂತು ವಾರಾವಾರ ಕಟ್ಟಬೇಕು. ರಾತ್ರಿ ನಿದ್ದೆ ಇಲ್ಲ. ಗಂಡನಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಯಾವಾಗಲೂ ತಲೆನೋವು. ಗಂಡನ ರಕ್ತವನ್ನೂ ಕಳಿಸಿ ಅಂದೆ. ಮಗನಿಗಿಂತ ಜಾಸ್ತಿ ಬಂತು! ದೊಡ್ಡವರಲ್ಲೂ ಸೀಸ ಜಾಸ್ತಿಯಾದರೆ ತಲೆನೋವು, ಹೊಟ್ಟೆನೋವು, ಕಿರಿಕಿರಿ ಬರುತ್ತದೆ. ಆ ಮನೆಯ ಸಿಟ್ಟೆಲ್ಲ ಸೀಸದ್ದು ಅಂತ ನಾನು ಹೇಳುವುದಿಲ್ಲ, ಸಾಲದ್ದೂ ಇತ್ತು, ಕುಡಿತದ್ದೂ ಇತ್ತು. ಆದರೆ ವಿಷ ಒಂದು ಕಡೆ, ಚಿಂತೆ ಇನ್ನೊಂದು ಕಡೆ ಅಂತ ಗೆರೆ ಎಳೆಯಲು ಆ ಮನೆಯಲ್ಲಿ ಜಾಗವೇ ಇರಲಿಲ್ಲ.

ಹೇಳಿದ್ದು ಇಷ್ಟು. ಕೆಲಸ ಬೇರೆ ಶೆಡ್ಡಿಗೆ ಒಯ್ಯಿರಿ. ಒಣ ಕಸ ಹೊಡೆಯಬೇಡಿ, ಒದ್ದೆ ಅರಿವೆಯಿಂದ ಒರೆಸಿ. ಅಂಗಿ ಕಳಚಿ, ಜಳಕ ಮಾಡಿಯೇ ಮಗನನ್ನು ಎತ್ತಿಕೊಳ್ಳಿ. ಆ ಅಂಗಿಯನ್ನು ಬೇರೆ ಒಗೆಯಿರಿ. ಉಣ್ಣುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿಸಿ, ಉಗುರು ಕತ್ತರಿಸಿ. ಮಾತಿನ ತರಬೇತಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆದೆ. ಕೆಲ ತಿಂಗಳ ಮೇಲೆ ಸೀಸ ಇಳಿದಿತ್ತು, ಪೂರ್ತಿ ಅಲ್ಲ. ಎಲುಬಿನಲ್ಲಿ ಕೂತ ಸೀಸ ವರ್ಷಗಟ್ಟಲೆ ಸಣ್ಣಗೆ ಹೊರಬರುತ್ತಲೇ ಇರುತ್ತದೆ. ಹೊಟ್ಟೆನೋವು ಬೇಗ ನಿಂತಿತು. ಮಾತು ನಿಧಾನಕ್ಕೆ ಬರುತ್ತಿದೆ.

ದ್ರಾಕ್ಷಿ ಬೆಳೆಯುವ ತಿಕೋಟಾ ಕಡೆಯವರು ಬಂದರೆ ಪ್ರಶ್ನೆ ಬೇರೆ. ಎಣ್ಣಿ (ಕೀಟನಾಶಕ) ಹೊಡೆಯುವ ಪಂಪು ಎಲ್ಲಿಡುತ್ತೀರಿ? ಹೊಡೆದು ಬಂದ ಅಂಗಿ ಎಲ್ಲಿ ತೂಗುಹಾಕುತ್ತೀರಿ? ಬಸುರಿ ಇದ್ದಾಗ ತೋಟದಲ್ಲಿ ಕೆಲಸ ಮಾಡಿದ್ದಿಯೇನವ್ವಾ? ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ಹೊಲದ ಕೆಲಸದವರ ಮನೆಯ ಬಸಿರಿಯರಿಂದ ಹಿಡಿದು ಅವರ ಮಕ್ಕಳವರೆಗೆ ಸಂಶೋಧಕರು ವರ್ಷಗಟ್ಟಲೆ ನೋಡಿದರು. ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕ ಮೈಗೆ ತೀರ ಜಾಸ್ತಿ ಸೇರಿದ್ದ ತಾಯಂದಿರ ಮಕ್ಕಳ ಐಕ್ಯೂ, ಏಳನೇ ವರ್ಷಕ್ಕೆ, ತೀರ ಕಡಿಮೆ ಸೇರಿದ್ದವರ ಮಕ್ಕಳಿಗಿಂತ 7 ಅಂಕ ಕೆಳಗಿತ್ತು. ಇಲ್ಲಿ ಇದನ್ನು ಹೇಳಿದರೆ ರೈತರು ನಗುತ್ತಾರೆ. "ಎಣ್ಣಿ ಹೊಡೀಲಿಕ್ರ ಮಣೂಕ (ಒಣದ್ರಾಕ್ಷಿ) ಯಾರ ತಗೋತಾರ್ರಿ?" ಅವರ ಮಾತೂ ಸುಳ್ಳಲ್ಲ. ಹೊಡೆಯಬೇಡಿ ಅಂತ ನಾನು ಹೇಳುವುದೂ ಇಲ್ಲ. ಬಸಿರಿಯನ್ನು ಆ ದಿನ ತೋಟಕ್ಕೆ ಕಳಿಸಬೇಡಿ, ಡಬ್ಬಿಯನ್ನು ಮನೆಯೊಳಗೆ ತರಬೇಡಿ, ಖಾಲಿಯಾದ ಮೇಲೆ ಏನನ್ನೂ ತುಂಬಿಡಬೇಡಿ. 2013ರಲ್ಲಿ ಬಿಹಾರದ ಶಾಲೆಯೊಂದರ ಬಿಸಿಯೂಟದಲ್ಲಿ ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕ ಸೇರಿ 23 ಮಕ್ಕಳು ಸತ್ತರು ಅಂದಾಗ ಮಾತ್ರ ನಗು ನಿಲ್ಲುತ್ತದೆ.

ಅರಿಶಿನದ ಬಗ್ಗೆಯೂ ಒಂದು ಮಾತು. ಹಳದಿ ಹೊಳೆಯಲಿ ಅಂತ ಕೆಲವರು ಲೆಡ್ ಕ್ರೋಮೇಟ್ ಅನ್ನುವ ಸೀಸದ ಬಣ್ಣ ಹಚ್ಚುತ್ತಾರೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಇದು ಬಯಲಾಗಿ, ಸರ್ಕಾರ ಬಿಗಿ ಮಾಡಿದ ಮೇಲೆ ಎರಡೇ ವರ್ಷದಲ್ಲಿ ಹೆಚ್ಚು ಕಡಿಮೆ ನಿಂತಿತು. ತೀರ ಹೊಳೆಯುವ ಬಿಡಿ ಪುಡಿ ನಾನು ಕೊಳ್ಳುವುದಿಲ್ಲ.

ಚಿಂತೆಯ ಬಗ್ಗೆ ಕೇಳುವುದೇ ಕಷ್ಟ. "ಮನೆಯಲ್ಲಿ ಟೆನ್ಷನ್ ಇದೆಯಾ?" ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ನಾನು ಕೇಳುವುದು, "ಅಪ್ಪ ಮನೀಗೆ ಬಂದಾಗ ಮಗು ಏನ್ ಮಾಡತೈತಿ?" ಓಡಿ ಹೋಗಿ ಕಾಲು ಹಿಡಿಯುತ್ತಾನೆ ಅಂದರೆ ಒಂದು ಲೆಕ್ಕ. "ಹಾಸಿಗ್ಯಾಗ ಹೊಕ್ಕೊಂಡ ಬಿಡ್ತಾನ್ರಿ" ಅಂದರೆ ಇನ್ನೊಂದು. ತಾಂಡಾದವರು ಬಂದರೆ ಕಬ್ಬು ಕಡಿಯಲು ಹೋದಾಗ ಮಗು ಯಾರ ಹತ್ತಿರ ಇರುತ್ತದೆ ಅಂತ ಕೇಳುತ್ತೇನೆ. ಆಯಿ (ಅಜ್ಜಿ) ಹತ್ತಿರ ಅಂದರೆ ಎಷ್ಟೋ ಸಮಾಧಾನ. ದಿನಾ ಸಿಗುವ, ನಂಬಿಕೆಯ ಒಬ್ಬ ದೊಡ್ಡವರಿದ್ದರೆ ಮಗುವಿನ ಕಾರ್ಟಿಸಾಲ್ ಏರಿದರೂ ಬೇಗ ಇಳಿಯುತ್ತದೆ.

ತಾಯಿಗೇ ಸಹಾಯ ಬೇಕು ಅನಿಸಿದರೆ 14416 ಬರೆದುಕೊಡುತ್ತೇನೆ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ನಂಬರು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. "ನನಗೇನ ಹುಚ್ಚ ಹಿಡದೈತೇನ್ರಿ?" ಅನ್ನುತ್ತಾರೆ. "ಇಲ್ಲ ತಂಗಿ, ನಿನಗ ನಿದ್ದಿ ಹತ್ತಬೇಕಲ್ಲ, ಅದಕ್ಕ" ಅನ್ನುತ್ತೇನೆ. ನಿದ್ದೆ ಅಂದರೆ ಒಪ್ಪುತ್ತಾರೆ.

ಸೀಸದ ಟೆಸ್ಟ್ ಎಲ್ಲರಿಗೂ ಬರೆಯುವುದಿಲ್ಲ, ದುಡ್ಡಿನ ಮಾತು. ಬ್ಯಾಟರಿ, ಗುಜರಿ, ಬೆಸುಗೆ, ಬಣ್ಣದ ಕೆಲಸದವರ ಮಕ್ಕಳಿಗೆ, ಮಣ್ಣು ತಿನ್ನುವ, ಗೋಡೆ ನೆಕ್ಕುವವರಿಗೆ, ಕಬ್ಬಿಣ ಕೊಟ್ಟರೂ ರಕ್ತ ಏರದವರಿಗೆ ಬರೆಯುತ್ತೇನೆ. ಒಂದು ಮಗುವಿಗೆ ಜಾಸ್ತಿ ಬಂದರೆ ಮನೆಯ ಉಳಿದ ಮಕ್ಕಳನ್ನೂ, ಬಸಿರಿ ಇದ್ದರೆ ಅವಳನ್ನೂ ಕರೆಸುತ್ತೇನೆ.